ತೊಂಬತ್ತರ ದಶಕದ ಮರೆತ ಚಿತ್ರಗಳು: ಒಂದು ಹಿನ್ನೋಟ

ನಾಶಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಅವರನ್ನು ಪಂಚವಟಿಗೂ ತ್ರ್ಯಂಬಕೇಶ್ವರಕ್ಕೂ ಕರೆದೊಯ್ಯುವುದು ವಾಡಿಕೆ. ಸಮಯ ಉಳಿದರೆ ಪಾಂಡವಲೇಣಿಯ ಗುಡ್ಡ. ಆ ಗುಡ್ಡದ ಬುಡದಲ್ಲೇ ದಾದಾಸಾಹೇಬ ಫಾಲ್ಕೆಯವರ ಸ್ಮಾರಕವಿದೆ. ಬಹಳ ಮಂದಿ ಅದನ್ನು ಮಕ್ಕಳು ಆಡುವ ತೋಟವೆಂದು ತಿಳಿದು ಒಂದು ಸುತ್ತು ಹಾಕಿ ಬರುತ್ತಾರೆ. ಭಾರತದ ಚಲನಚಿತ್ರದ ಚರಿತ್ರೆ ಆರಂಭವಾಗುವುದೇ ಈ ಜಿಲ್ಲೆಯ ಮನುಷ್ಯನಿಂದ ಎಂಬುದನ್ನು ನೆನೆಯುವವರು ಕಡಿಮೆ.

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ತ್ರ್ಯಂಬಕದಲ್ಲಿ ಹುಟ್ಟಿದರು. ಅವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಮುಂಬಯಿಯಲ್ಲಿ ತೆರೆಕಂಡಿತು. ಅದೇ ವರ್ಷ ಅವರು ತಮ್ಮ ಕಾರ್ಯಕ್ಷೇತ್ರವನ್ನು ನಾಶಿಕಕ್ಕೆ ಬದಲಾಯಿಸಿದರು. 1918ರಲ್ಲಿ ಇಲ್ಲಿ ಹಿಂದೂಸ್ತಾನ್ ಫಿಲ್ಮ್ ಕಂಪನಿ ಸ್ಥಾಪನೆಯಾಯಿತು. 1919ರ 'ಕಾಲಿಯಾ ಮರ್ದನ'ದಲ್ಲಿ ಅವರ ಮಗಳು ಮಂದಾಕಿನಿಯೇ ಬಾಲಕೃಷ್ಣನಾಗಿ ಅಭಿನಯಿಸಿದಳು. 1944ರ ಫೆಬ್ರವರಿ 16ರಂದು ಫಾಲ್ಕೆಯವರು ನಾಶಿಕದಲ್ಲಿಯೇ ಕಣ್ಮುಚ್ಚಿದರು.

ಇಷ್ಟು ದೊಡ್ಡ ಕೆಲಸದಲ್ಲಿ ಇಂದು ಉಳಿದಿರುವುದೆಷ್ಟು? ನಾಲ್ಕು ರೀಲುಗಳ 'ರಾಜಾ ಹರಿಶ್ಚಂದ್ರ'ದಲ್ಲಿ ಮೊದಲ ಮತ್ತು ಕೊನೆಯ ರೀಲುಗಳು ಮಾತ್ರ ಉಳಿದಿವೆ. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಅವರು ಫಾಲ್ಕೆ ಕುಟುಂಬದವರ ಮನೆಬಾಗಿಲಿಗೆ ಬಂದು ಹಳೆಯ ಡಬ್ಬಿಗಳನ್ನು ಹುಡುಕಿ ಒಯ್ಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಛತ್ರಪತಿ ಸಂಭಾಜಿನಗರದ ಕನ್ನಡಿಗರಿಗೆ (2023ರವರೆಗೆ ಆ ಊರು ಔರಂಗಾಬಾದ್) ಇದರ ತದ್ವಿರುದ್ಧ ನಿದರ್ಶನ ಕಣ್ಣೆದುರಿಗೇ ಇದೆ. ಎಲ್ಲೋರಾದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಕಡೆದ ಕೈಲಾಸ ದೇವಾಲಯ ಹನ್ನೆರಡು ಶತಮಾನಗಳನ್ನು ದಾಟಿ ನಿಂತಿದೆ. ಕಲ್ಲಿನಲ್ಲಿ ಮಾಡಿದ ಕೆಲಸ ಯಾರೂ ನೋಡದಿದ್ದರೂ ನಿಲ್ಲುತ್ತದೆ. ಫಿಲ್ಮಿನಲ್ಲಿ ಮಾಡಿದ ಕೆಲಸಕ್ಕೆ ಆ ಭಾಗ್ಯವಿಲ್ಲ. ನೋಡುವವರು ಇರುವವರೆಗೆ ಮಾತ್ರ ಅದರ ಆಯುಷ್ಯ.

ಕನ್ನಡಕ್ಕೂ ಈ ಪೆಟ್ಟು ಬಿದ್ದಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಬೆಂಗಳೂರಿನಲ್ಲಿ ಅಲ್ಲ, ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಈ ಚಿತ್ರದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಕನ್ನಡ ಮೊದಲು ತೆರೆಯ ಮೇಲೆ ಹೇಗೆ ಮಾತನಾಡಿತು ಎಂಬುದನ್ನು ಇನ್ನು ಯಾರೂ ಕೇಳಲಾರರು.

ಇದು ತೊಂಬತ್ತು ವರ್ಷಗಳ ಹಿಂದಿನ ಮಾತು ಎಂದು ಸುಮ್ಮನಾಗುವಂತಿಲ್ಲ. ಮೊನ್ನೆ ಮೊನ್ನೆಯದೆಂದು ನಮಗೆ ಅನಿಸುವ 1990ರ ದಶಕದ ಚಿತ್ರಗಳಿಗೂ ಈಗ ಮೂವತ್ತು ವರ್ಷ ತುಂಬಿದೆ. ಡಾ. ರಾಜಕುಮಾರ್ ಅವರಿಗೆ ನಾಶಿಕದ ಈ ಮಹನೀಯನ ಹೆಸರಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಸಂದದ್ದು 1995ನೆಯ ಸಾಲಿಗೆ. ಆ ದಶಕದ ದೊಡ್ಡ ಯಶಸ್ಸುಗಳನ್ನು ನಾವೆಲ್ಲ ಬಲ್ಲೆವು. 'ರಾಮಾಚಾರಿ', 'ಓಂ', 'ಜನುಮದ ಜೋಡಿ', 'ಅಮೆರಿಕ ಅಮೆರಿಕ' ಚಿತ್ರಗಳ ಹಾಡು ಮದುವೆ ಮನೆಗಳಲ್ಲಿ ಇಂದಿಗೂ ಕೇಳುತ್ತದೆ. ಆದರೆ ಅದೇ ದಶಕದಲ್ಲಿ ಇನ್ನೊಂದು ಸಾಲಿನ ಚಿತ್ರಗಳು ಬಂದು, ಪತ್ರಿಕೆಗಳಲ್ಲಿ ಹೊಗಳಿಸಿಕೊಂಡು, ಕೆಲವು ರಾಷ್ಟ್ರಪ್ರಶಸ್ತಿಯನ್ನೂ ಪಡೆದು, ಹೆಚ್ಚು ಜನ ನೋಡುವ ಮೊದಲೇ ತೆರೆಮರೆಗೆ ಸರಿದವು. ಹೊರನಾಡಿನ ಕನ್ನಡಿಗರಾದ ನಮ್ಮನ್ನಂತೂ ಅವು ಮುಟ್ಟಿದ್ದೇ ಅಪರೂಪ.

ಹೀಗೇಕಾಯಿತು ಎಂಬುದಕ್ಕೆ ಕಾರಣಗಳಿವೆ. ದಶಕದ ಆರಂಭದಲ್ಲಿಯೇ, 1990ರ ಸೆಪ್ಟೆಂಬರ್ 30ರಂದು, ಶಂಕರನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದ ಆತ ಕಲಾತ್ಮಕ ಚಿತ್ರಕ್ಕೂ ಗಲ್ಲಾಪೆಟ್ಟಿಗೆಯ ಚಿತ್ರಕ್ಕೂ ನಡುವೆ ಸೇತುವೆಯಂತಿದ್ದರು. ಅಂಥ ಸೇತುವೆ ಮತ್ತೆ ಏಳಲಿಲ್ಲ. ಎರಡನೆಯದಾಗಿ, 1991ರಲ್ಲಿ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ಉದಯ ಟಿವಿ ಹೀಗೆ ಉಪಗ್ರಹ ವಾಹಿನಿಗಳು ಒಂದರ ಹಿಂದೊಂದು ಮನೆಯೊಳಗೆ ಬಂದವು. ಸಂಸಾರ ಸಮೇತ ಟಾಕೀಸಿಗೆ ಹೋಗುತ್ತಿದ್ದ ಮಧ್ಯಮ ವರ್ಗ ಮನೆಯಲ್ಲಿ ಕುಳಿತಿತು. ಟಾಕೀಸಿನವರು ಮುಂಗಟ್ಟೆಯ ಯುವಕರನ್ನು ನಂಬಿ ತಾರೆಯರ ಚಿತ್ರಗಳಿಗೆ ಮಾತ್ರ ಜಾಗ ಕೊಡತೊಡಗಿದರು. ನಿಧಾನವಾಗಿ, ಬಾಯಿಮಾತಿನಿಂದ ಹರಡಬೇಕಾದ ಚಿತ್ರಕ್ಕೆ ಎರಡನೆಯ ವಾರ ಸಿಗುವುದೇ ಕಷ್ಟವಾಯಿತು.

ನಾಶಿಕ, ಔರಂಗಾಬಾದಿನಂತಹ ಊರುಗಳಲ್ಲಿ ನಮ್ಮ ಪಾಡು ಇನ್ನೂ ಬೇರೆ. ಇಲ್ಲಿನ ಟಾಕೀಸುಗಳಲ್ಲಿ ಹಿಂದಿ, ಮರಾಠಿ ಬಿಟ್ಟರೆ ಇಂಗ್ಲಿಷ್. ಕನ್ನಡ ಚಿತ್ರವೆಂದರೆ ಊರಿಗೆ ಹೋಗಿ ಬಂದವರು ತಂದ ವಿಡಿಯೋ ಕ್ಯಾಸೆಟ್, ಇಲ್ಲವೇ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ರವಿವಾರ ಮಧ್ಯಾಹ್ನ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಚಿತ್ರ. ಒಂದು ವಾರ ಬಂಗಾಲಿ, ಒಂದು ವಾರ ಮಲೆಯಾಳಿ, ಎಂದೋ ಒಮ್ಮೆ ಕನ್ನಡ. ಆ ಹೊತ್ತಿಗೆ ಊಟ ಮುಗಿಸಿ ಮನೆಯವರೆಲ್ಲ ಚಾಪೆ ಹಾಸಿ ಕುಳಿತ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. ವಿದ್ಯುತ್ತು ಹೋದರೆ ಆ ಚಿತ್ರ ಮತ್ತೆ ಸಿಗುವುದಿಲ್ಲ.

ಈಗ ಅಂತಹ ಕೆಲವು ಚಿತ್ರಗಳನ್ನು ಹೆಸರಿಸುತ್ತೇನೆ. ಇದು ವಿಮರ್ಶಕನ ಪಟ್ಟಿಯಲ್ಲ, ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಒಬ್ಬ ಗುಮಾಸ್ತನ ಪಟ್ಟಿ.

ಮೊದಲಿಗೆ, ದಶಕದ ಹೊಸ್ತಿಲಲ್ಲಿ ಬಂದ ಗಿರೀಶ ಕಾಸರವಳ್ಳಿಯವರ 'ಮನೆ'. ಹಳ್ಳಿಯಿಂದ ನಗರಕ್ಕೆ ಬಂದ ಹೊಸ ದಂಪತಿ ಒಂದು ಬಾಡಿಗೆ ಕೋಣೆ ಹಿಡಿಯುತ್ತಾರೆ. ಕೂಡುಕುಟುಂಬದ ಗದ್ದಲದಿಂದ ಪಾರಾಗಿ ತಮ್ಮದೇ ಆದ ಬಾಳು ಕಟ್ಟಬೇಕೆಂಬ ಆಸೆ. ಪಕ್ಕದ ಶೆಡ್ಡಿನ ಯಂತ್ರಗಳ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ವಶೀಲಿ ಹುಡುಕಿ ಹೊರಟಾಗ ಗಂಡಹೆಂಡಿರ ನಡುವೆಯೇ ಬಿರುಕು ಕಾಣಿಸುತ್ತದೆ. ನಸೀರುದ್ದೀನ್ ಶಾಹ, ದೀಪ್ತಿ ನವಲ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಕಾರಖಾನೆಯ ಪಾಳಿ ಕೆಲಸಕ್ಕೆಂದು ಸಾತಪುರಕ್ಕೋ ವಾಳೂಜಕ್ಕೋ ಬಂದು ಒಂದು ಕೋಣೆಯಲ್ಲಿ ಸಂಸಾರ ಹೂಡಿದ ಕನ್ನಡ ಕುಟುಂಬಗಳಿಗೆ ಈ ಕತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯದು 1992ರ 'ಕುಬಿ ಮತ್ತು ಇಯಾಲ'. ಪೂರ್ಣಚಂದ್ರ ತೇಜಸ್ವಿಯವರ ಕತೆ. ಸಣ್ಣ ಊರಿನ ಆಸ್ಪತ್ರೆಯ ಡಾಕ್ಟರು ಕುಬಿ, ಇಯಾಲ ಎಂಬ ಹುಡುಗಿಯ ಸಾವಿನ ಹಿಂದಿನ ಸತ್ಯವನ್ನು ಹುಡುಕಲು ಹೋಗಿ ಇಡೀ ಊರಿನ ಮೌನವನ್ನು ಎದುರಿಸುತ್ತಾನೆ. ಡಾಕ್ಟರ ಪಾತ್ರದಲ್ಲಿ ಚಾರುಹಾಸನ್. ಇದರ ನಿರ್ದೇಶಕ ಸದಾನಂದ ಸುವರ್ಣರು ಮುಂಬಯಿ ಕನ್ನಡ ರಂಗಭೂಮಿಯಲ್ಲಿ ಬೆಳೆದವರು, 'ಘಟಶ್ರಾದ್ಧ'ದ ನಿರ್ಮಾಪಕರು, 'ಗುಡ್ಡದ ಭೂತ' ಧಾರಾವಾಹಿ ಕೊಟ್ಟವರು. 2024ರಲ್ಲಿ ಅವರು ತೀರಿಕೊಂಡರು. ಹೊರನಾಡ ಕನ್ನಡಿಗನೊಬ್ಬ ಮಾಡಿದ ಈ ಚಿತ್ರವನ್ನು ಹೊರನಾಡ ಕನ್ನಡಿಗರೇ ಹೆಚ್ಚಾಗಿ ನೋಡಿಲ್ಲವೆಂಬುದು ವಿಷಾದದ ಸಂಗತಿ.

1994ರ 'ಕೊಟ್ರೇಶಿ ಕನಸು' ಕುಂ. ವೀರಭದ್ರಪ್ಪನವರ ಕತೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ದಲಿತ ಹುಡುಗನೊಬ್ಬ ಪರೀಕ್ಷೆಯಲ್ಲಿ ಪಾಸಾಗುವುದೇ ಊರ ದೊಡ್ಡವರ ಕಣ್ಣಿಗೆ ಒಂದು ಅಪರಾಧವೆಂಬಂತೆ ಕಾಣುತ್ತದೆ. ಕೊಟ್ರೇಶಿಯಾಗಿ ನಟಿಸಿದ ಬಾಲಕ ವಿಜಯ ರಾಘವೇಂದ್ರನಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೂ ಶ್ರೇಷ್ಠ ಕನ್ನಡ ಚಿತ್ರವೆಂಬ ಪ್ರಶಸ್ತಿ ಬಂತು. ಆದರೆ ಹಿಂದಿನ ವರ್ಷದ 'ಚಿನ್ನಾರಿ ಮುತ್ತ'ನ ಹಾಡುಗಳನ್ನು ಬಲ್ಲ ಮಕ್ಕಳಿಗೆ ಕೊಟ್ರೇಶಿ ಗೊತ್ತಿಲ್ಲ. ಮರಾಠವಾಡದಲ್ಲಿ ಡಾ. ಅಂಬೇಡ್ಕರರು 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಕಟ್ಟಿದ್ದು ಯಾರಿಗಾಗಿ ಎಂಬುದನ್ನು ನಿತ್ಯ ಕೇಳುತ್ತ ಬೆಳೆಯುವ ನಮ್ಮ ಮಕ್ಕಳು, ಅದೇ ಪ್ರಶ್ನೆ ಕನ್ನಡದಲ್ಲಿ ಹೇಗೆ ಬಂದಿದೆ ಎಂದು ಇಲ್ಲಿ ನೋಡಬಹುದು.

ಕಾಸರವಳ್ಳಿಯವರ 'ಕ್ರೌರ್ಯ' (1996) ಕತೆ ಹೇಳುವ ಅಜ್ಜಿಯೊಬ್ಬಳ ಕತೆ. ಅವಳಾಗಿ ರೇಣುಕಮ್ಮ ಮುರಗೋಡ ಅಭಿನಯಿಸಿದ್ದಾರೆ. ಅಜ್ಜಿ ಹೇಳುತ್ತಾಳೆ, ಹುಡುಗ ಕೇಳುತ್ತಾನೆ. ಮನೆಯ ಉಳಿದವರಿಗೆ ಅವಳು ಲೆಕ್ಕದ ಒಂದು ಬಾಬು ಮಾತ್ರ. ಹೊಡೆತ ಬಡಿತ ಒಂದೂ ಇಲ್ಲದ ಈ ಚಿತ್ರಕ್ಕೆ ಆ ಹೆಸರೇಕೆ ಎಂಬುದು ಮುಗಿಯುವ ಹೊತ್ತಿಗೆ ತಿಳಿಯುತ್ತದೆ. ಊರಲ್ಲಿ ಮುದುಕರನ್ನು ಬಿಟ್ಟು ಬಂದವರು, ತಿಂಗಳಿಗೊಮ್ಮೆ ಹಣ ಕಳಿಸಿ ಕರ್ತವ್ಯ ಮುಗಿಯಿತೆನ್ನುವವರು ಇದನ್ನು ನೋಡಿದರೆ ಆ ರಾತ್ರಿ ಸುಲಭವಾಗಿ ನಿದ್ರೆ ಬರಲಾರದು.

ಈ ಪಟ್ಟಿಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು 1997ರ 'ತಾಯಿ ಸಾಹೇಬ'ವನ್ನು ಆರಿಸುತ್ತೇನೆ. ಇದನ್ನು ಮರೆತ ಚಿತ್ರವೆನ್ನಬಹುದೇ ಎಂದು ಕೆಲವರು ಕೇಳಬಹುದು. ದೇಶದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲ ಇದಕ್ಕೆ ಸಂದಿತು. ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ, ಕಲಾ ನಿರ್ದೇಶನಕ್ಕೆ ರಮೇಶ ದೇಸಾಯಿ ಪ್ರಶಸ್ತಿ ಪಡೆದರು. ನಿಜ. ಆದರೆ ಪ್ರಶಸ್ತಿ ಪಡೆಯುವುದು ಬೇರೆ, ಮನೆಮನೆಗೆ ತಲುಪುವುದು ಬೇರೆ. ನಮ್ಮ ಪರಿಚಯದ ಹತ್ತು ಮನೆಗಳಲ್ಲಿ ಕೇಳಿನೋಡಿ, ಹೆಸರು ಎಲ್ಲರಿಗೂ ಗೊತ್ತು. ನೋಡಿದವರು ಎಷ್ಟು ಜನ?

ರಂ. ಶಾ. ಲೋಕಾಪುರ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ನಡೆಯುವುದು ಮುಂಬಯಿ ಕರ್ನಾಟಕದ ಒಂದು ವಾಡೆಯಲ್ಲಿ. 'ಸಾಹೇಬ' ಎಂದು ಮನೆಯೊಡತಿಯನ್ನು ಕರೆಯುವ ಆ ರೀತಿ, ಆ ಚೌಕದ ಅಂಗಳ, ನಾಶಿಕದ ಹಳೆಯ ಪೇಟೆಯ ವಾಡೆಗಳನ್ನು ಕಂಡವರಿಗೆ ಅಪರಿಚಿತವಲ್ಲ. ಸ್ವಾತಂತ್ರ್ಯ ಚಳವಳಿಗೆ ಇಳಿದ ಅಪ್ಪಾಸಾಹೇಬ ಹೊರಗೆ ದೊಡ್ಡ ಮನುಷ್ಯ. ಮನೆಯಲ್ಲಿ ಹೆಂಡತಿ ನರ್ಮದೆಗೆ ಅವನಿಂದ ದೊರೆಯುವುದು ಅಲ್ಪ. ಅವನಿಗೆ ಬೇರೊಬ್ಬಳಲ್ಲಿ ಮಗಳಿದ್ದಾಳೆ. ಮನೆಗೆ ದತ್ತು ಮಗನೂ ಬರುತ್ತಾನೆ. ಆ ಇಬ್ಬರು ಪರಸ್ಪರ ಮೆಚ್ಚಿದಾಗ ಕಾಯಿದೆಯ ಕಣ್ಣಿನಲ್ಲಿ ಅವರು ಅಣ್ಣ ತಂಗಿ! ದತ್ತಕವನ್ನು ರದ್ದು ಮಾಡಿದರೆ ದಾರಿ ತೆರೆದೀತು. ಆದರೆ 1956ರ ಹಿಂದೂ ದತ್ತಕ ಕಾಯಿದೆಯ ಪ್ರಕಾರ ಕ್ರಮಬದ್ಧವಾಗಿ ಆದ ದತ್ತಕವನ್ನು ರದ್ದು ಮಾಡಲು ಬರುವುದಿಲ್ಲ. ಜನರ ಒಳಿತಿಗೆಂದು ಬರೆದ ಕಾಯಿದೆ ಒಂದು ಮನೆಯೊಳಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಚಿತ್ರ ಯಾವ ಭಾಷೆಯಲ್ಲೂ ವಿರಳ. ದಿನವಿಡೀ ನಿಯಮಗಳ ಪುಸ್ತಕದ ಮುಂದೆ ಕೂಡುವ ನನ್ನಂಥವನಿಗೆ ಅದು ನಾಟಿತು. ನರ್ಮದೆಯಾಗಿ ಜಯಮಾಲಾ ಮಾತಿಗಿಂತ ಮೌನದಿಂದಲೇ ಅಭಿನಯಿಸಿದ್ದಾರೆ. ಚಿತ್ರದ ನಿರ್ಮಾಪಕಿಯೂ ಅವರೇ. ವ್ಯಾಪಾರಿ ಚಿತ್ರಗಳ ನಾಯಕಿಯೆಂದು ಜನ ಬಲ್ಲ ನಟಿಯೊಬ್ಬಳು ಸ್ವಂತ ಹಣ ಹಾಕಿ ಇಂಥ ಚಿತ್ರ ಮಾಡಿದ್ದು ಆ ದಶಕದ ಹೆಮ್ಮೆಯ ಸಂಗತಿಗಳಲ್ಲೊಂದು.

ಗಂಭೀರ ಚಿತ್ರಗಳನ್ನೇ ಹೇಳಿ ಓದುಗರನ್ನು ದಣಿಸುವುದು ಬೇಡ. ಸುನೀಲಕುಮಾರ ದೇಸಾಯಿಯವರ 'ಬೆಳದಿಂಗಳ ಬಾಲೆ' (1995) ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದದ್ದು. ಚದುರಂಗದ ಆಟಗಾರನಾದ ಅನಂತನಾಗ್‌ಗೆ ಹೆಣ್ಣೊಬ್ಬಳು ಫೋನು ಮಾಡಿ, ಒಗಟುಗಳನ್ನು ಕೊಟ್ಟು, ನನ್ನನ್ನು ಹುಡುಕು ಎನ್ನುತ್ತಾಳೆ. ಅವಳ ಮುಖ ನಮಗೆ ಕಾಣುವುದಿಲ್ಲ. ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತು ಊರಿಗೆ ಮಾತನಾಡಿದ ಪೀಳಿಗೆಗೆ ಟೆಲಿಫೋನಿನ ಒಂದು ದನಿ ಏನೆಲ್ಲ ಆಗಬಲ್ಲುದು ಎಂದು ಗೊತ್ತು. ಎನ್. ಎಸ್. ಶಂಕರ್ ಅವರ 'ಉಲ್ಟಾ ಪಲ್ಟಾ' (1997) ಷೇಕ್ಸ್‌ಪಿಯರನ ಅವಳಿ ಜವಳಿ ಗೊಂದಲದ ನಾಟಕವನ್ನು ಆಧರಿಸಿದ ನಗೆಚಿತ್ರ. ಹಿಂದಿಯ 'ಅಂಗೂರ್' ನೋಡಿ ನಕ್ಕವರು ಅದರ ಕನ್ನಡದ ಸೋದರನನ್ನೂ ನೋಡಬೇಕು.

ದಶಕದ ಕೊನೆಯಲ್ಲಿ, 1999ರಲ್ಲಿ, ಎರಡು ಚಿತ್ರಗಳು ಬಂದವು. ಕವಿತಾ ಲಂಕೇಶರ 'ದೇವೀರಿ' ಪಿ. ಲಂಕೇಶರ 'ಅಕ್ಕ' ಕೃತಿಯಿಂದ ಹುಟ್ಟಿದ್ದು. ಬೆಂಗಳೂರಿನ ಕೊಳೆಗೇರಿಯ ಹುಡುಗನ ಕಣ್ಣಿನಿಂದ ಅವನ ಅಕ್ಕನ ಬಾಳು ಕಾಣುತ್ತದೆ; ಅಕ್ಕನಾಗಿ ನಂದಿತಾ ದಾಸ್. 'ಮನೆ'ಯ ದಂಪತಿಗೆ ಸಿಕ್ಕ ನಗರ ಒಂದಾದರೆ, ಈ ಅಕ್ಕ ತಮ್ಮನಿಗೆ ಸಿಕ್ಕದ್ದು ಇನ್ನೊಂದು. ಗಿರೀಶ ಕಾರ್ನಾಡರ 'ಕಾನೂರು ಹೆಗ್ಗಡಿತಿ' ಕುವೆಂಪು ಅವರ 1936ರ ಮಹಾಕಾದಂಬರಿಯನ್ನು ತೆರೆಗೆ ತಂದಿತು. ಅಷ್ಟು ವಿಸ್ತಾರವಾದ ಕಾದಂಬರಿ ಎರಡು ಚಿಲ್ಲರೆ ಗಂಟೆಯಲ್ಲಿ ಹಿಡಿಯುವುದಿಲ್ಲ, ಪಾತ್ರಗಳು ಓಡಿ ಬಂದು ಓಡಿ ಹೋಗುತ್ತವೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಕಾದಂಬರಿಯನ್ನು ಓದಲಾರದ ನಮ್ಮ ಮಕ್ಕಳಿಗೆ ಮಲೆನಾಡಿನ ಮನೆಯ ಹೊಸ್ತಿಲನ್ನಾದರೂ ಅದು ತೋರಿಸುತ್ತದೆ.

ತೊಂಬತ್ತರ ದಶಕದ್ದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಪರಭಾಷೆಯ ಚಿತ್ರಗಳನ್ನು ಮಕ್ಕಿಕಾಮಕ್ಕಿ ನಕಲು ಮಾಡಿದವು, ಹೆಣ್ಣನ್ನು ಹೊಡೆದು ದಾರಿಗೆ ತರುವುದೇ ಪೌರುಷವೆಂದು ಸಾರಿದವು ಆಗಲೂ ಬೇಕಾದಷ್ಟಿದ್ದವು. ಹಳೆಯದೆಂಬ ಕಾರಣಕ್ಕೆ ಅವುಗಳನ್ನು ಮತ್ತೆ ನೋಡಬೇಕಾಗಿಲ್ಲ. ಮೇಲಿನ ಚಿತ್ರಗಳನ್ನು ನಾನು ಆರಿಸಿದ್ದಕ್ಕೆ ಕಲೆಯ ಹೊರತಾಗಿ ಇನ್ನೊಂದು ಕಾರಣವುಂಟು. ಹೊರನಾಡಿನ ಮನೆಯಲ್ಲಿ ಮಗುವಿಗೆ ಕೇಳುವುದು ಒಂದೇ ಕನ್ನಡ, ಅದರ ತಾಯಿ ತಂದೆ ಆಡುವ ಕನ್ನಡ. ಅದೂ ದಿನದಿನಕ್ಕೆ ಹಿಂದಿ, ಮರಾಠಿ ಬೆರೆತು ತೆಳುವಾಗುತ್ತಿದೆ. ಧಾರವಾಡದವರ ಮಗುವಿಗೆ ಮಲೆನಾಡಿನ ಮಾತು ಗೊತ್ತಿಲ್ಲ, ಮಂಗಳೂರಿನವರ ಮಗುವಿಗೆ ಬಳ್ಳಾರಿಯ ಮಾತು ಗೊತ್ತಿಲ್ಲ. 'ಕೊಟ್ರೇಶಿ ಕನಸು' ಒಂದು ಸೀಮೆಯ ಕನ್ನಡ, 'ತಾಯಿ ಸಾಹೇಬ' ಇನ್ನೊಂದು, 'ಕಾನೂರು' ಮತ್ತೊಂದು. ಕನ್ನಡವೆಂದರೆ ಅಪ್ಪ ಅಮ್ಮ ಮನೆಯಲ್ಲಿ ಮಾತ್ರ ಆಡುವ ಗುಟ್ಟಿನ ಭಾಷೆಯಲ್ಲ, ಅದಕ್ಕೆ ಹತ್ತಾರು ಊರುಗಳಿವೆ, ಜಾತಿಗಳಿವೆ, ಜಗಳಗಳಿವೆ ಎಂದು ಮಗುವಿಗೆ ತಿಳಿಯುವುದು ಇಲ್ಲಿಂದ.

ಇವು ಎಂದೆಂದಿಗೂ ಸಿಗುತ್ತವೆಂಬ ಭರವಸೆ ಬೇಡ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಇದು ಬೇಗ ಅರ್ಥವಾದೀತು. ಹಳೆಯ ಕಾಲದ ಫಿಲ್ಮು ನೈಟ್ರೇಟಿನದು. ಬೆಂಕಿ ತಾಗಿದರೆ ನೀರಿನಲ್ಲೂ ಆರದು. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಅಂಥ ಹಳೆಯ ರೀಲುಗಳ ರಾಶಿಯೇ ನಾಶವಾಯಿತು. ಅನಂತರ ಬಂದ ಅಸಿಟೇಟ್ ಫಿಲ್ಮು ಬೆಂಕಿಗೆ ಹೆದರದು, ಆದರೆ ಸೆಕೆ ಮತ್ತು ತೇವಕ್ಕೆ ಸಿಕ್ಕರೆ ಒಳಗಿಂದೊಳಗೇ ಕರಗಿ ಹುಳಿವಾಸನೆ ಬಿಡುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂತೆಂದರೆ ಒಳಗಿನ ಚಿತ್ರ ಸಾಯುತ್ತಿದೆ ಎಂದೇ ಅರ್ಥ. ಬಣ್ಣದ ಫಿಲ್ಮಿನಲ್ಲಿ ವರ್ಣದ್ರವ್ಯಗಳು ಒಂದೊಂದಾಗಿ ಮಾಸಿ ಕೊನೆಗೆ ಕೆಂಪು ಛಾಯೆಯಷ್ಟೇ ಉಳಿಯುತ್ತದೆ. 2010ರ ದಶಕದಲ್ಲಿ ಚಿತ್ರೋದ್ಯಮ ಡಿಜಿಟಲ್ ಆದಾಗ ಫಿಲ್ಮ್ ಲ್ಯಾಬುಗಳು ಮುಚ್ಚತೊಡಗಿದವು. ಅಲ್ಲಿದ್ದ ನೆಗೆಟಿವ್‌ಗಳ ಬಗೆಗೆ ವಿಚಾರಿಸುವವರಿಲ್ಲದಿದ್ದರೆ ಅವುಗಳ ಗತಿ ಏನೆಂದು ಊಹಿಸುವುದು ಕಷ್ಟವಲ್ಲ.

ಆದರೆ ಆಸಕ್ತಿ ಇದ್ದರೆ ದಾರಿಯೂ ಇದೆ. 1977ರ 'ಘಟಶ್ರಾದ್ಧ'ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹೊರದೇಶದ ಸಂಸ್ಥೆಗಳ ಜೊತೆಗೂಡಿ ಜೀರ್ಣೋದ್ಧಾರ ಮಾಡಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆಕಂಡಿತು. ಕನ್ನಡದ ಚಿತ್ರಕ್ಕೆ ಇಟಲಿಯಲ್ಲಿ ಪ್ರೇಕ್ಷಕರಿದ್ದಾರೆ ಎಂದ ಮೇಲೆ ನಾಶಿಕದಲ್ಲಿ ಇರಬಾರದೇಕೆ? ಯಾವ ಚಿತ್ರವನ್ನು ಉಳಿಸಬೇಕೆಂದು ನಿರ್ಧರಿಸುವವರು ನೋಡುವುದು ಅದನ್ನು ಕೇಳುವವರು ಇದ್ದಾರೆಯೇ ಎಂಬುದನ್ನು. ಕೇಳುವವರಾಗುವುದು ನಮ್ಮ ಕೈಯಲ್ಲಿದೆ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತವೆ, ಯುಗಾದಿಗೆ ಹೋಳಿಗೆ ಊಟ ಏರ್ಪಡಿಸುತ್ತವೆ. ಅವು ಬೇಕು. ಅದರ ಜೊತೆಗೆ ಎರಡು ತಿಂಗಳಿಗೊಮ್ಮೆ, ಹಕ್ಕುದಾರರ ಒಪ್ಪಿಗೆ ಪಡೆದು, ಇಂಥ ಒಂದು ಚಿತ್ರವನ್ನು ಸಂಘದ ಸಭಾಗೃಹದಲ್ಲಿ ತೋರಿಸಿದರೆ ಖರ್ಚು ಹೆಚ್ಚಾಗದು. ಚಿತ್ರ ಮುಗಿದ ಮೇಲೆ ಆಯಾ ಸೀಮೆಯ ಹಿರಿಯರೊಬ್ಬರು ಅರ್ಧ ಗಂಟೆ ಕುಳಿತು ಅಲ್ಲಿನ ಮಾತು, ಪದ್ಧತಿಗಳನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಮರಾಠಿ ನೆರೆಹೊರೆಯವರನ್ನೂ ಕರೆಯಬಹುದು. 'ತಾಯಿ ಸಾಹೇಬ'ದ ವಾಡೆ ಅವರಿಗೂ ಗುರುತು ಸಿಗುತ್ತದೆ. ಯಾರ ಮನೆಯಲ್ಲಾದರೂ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟು, ಚಿತ್ರದ ಭಿತ್ತಿಪತ್ರ, ಹಾಡಿನ ಪುಸ್ತಕ ಇದ್ದರೆ ರದ್ದಿಗೆ ಹಾಕುವ ಮೊದಲು ಸಂಘಕ್ಕೆ ತಿಳಿಸಲಿ. ಫಾಲ್ಕೆಯವರ ರೀಲುಗಳೂ ಹಾಗೆ ಒಂದು ಮನೆಯಲ್ಲಿ ಇದ್ದದ್ದರಿಂದಲೇ ಉಳಿದವು.